ಮೂಲ ನರವಿಜ್ಞಾನದಿಂದ ಮನೋರೋಗಗಳ ಸಂಶೋಧನೆಗೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನರಾನ್ವೇಷಿ

ಎಲ್ಲರಿಗೂ ನಮಸ್ಕಾರ. ನಾನು ನರವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಮಹಾಪ್ರಬಂಧ ಸಲ್ಲಿಸುವ ಹಂತ ಹತ್ತಿರವಾಗಿದೆ. ಇಲಿಯ ಮಿದುಳಿನ ಮುಂಭಾಗದ ತೊಗಟೆಯನ್ನು ತೆಳುವಾದ ಹೋಳುಗಳಾಗಿ ಕತ್ತರಿಸಿ, ಆಮ್ಲಜನಕ ಹಾಯಿಸಿದ ದ್ರಾವಣದಲ್ಲಿ ಅವನ್ನು ಜೀವಂತವಾಗಿಟ್ಟು, ಕೂದಲಿಗಿಂತ ಸಪೂರವಾದ ಗಾಜಿನ ನಳಿಗೆಯ ತುದಿಯನ್ನು ಒಂದೊಂದೇ ನರಕೋಶಕ್ಕೆ ಅಂಟಿಸಿ ಅದರ ವಿದ್ಯುತ್ ಪ್ರವಾಹವನ್ನು ಅಳೆಯುವುದು ನನ್ನ ದಿನನಿತ್ಯದ ಕೆಲಸ. ನಾನು ಮುಖ್ಯವಾಗಿ ನೋಡುವುದು ಎನ್‌ಎಂಡಿಎ ಗ್ರಾಹಕಗಳನ್ನು. ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಬಂದು ಕೂತು, ಕೋಶವೂ ಅದೇ ಹೊತ್ತಿಗೆ ಉತ್ತೇಜಿತವಾಗಿದ್ದರೆ ಮಾತ್ರ ತೆರೆದು ಕ್ಯಾಲ್ಸಿಯಂ ಅನ್ನು ಒಳಗೆ ಬಿಡುವ, ಕಲಿಕೆಗೂ ನೆನಪಿಗೂ ಬೇಕಾದ ಗ್ರಾಹಕಗಳಿವು.

ಇವುಗಳ ಬಗ್ಗೆ ಬರೆದ ಲೇಖನಗಳಲ್ಲಿ, ಇಲ್ಲದ ಧ್ವನಿಗಳು ಕೇಳಿಸುವ, ಭ್ರಮೆಗಳು ಕಾಡುವ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾದ ಹೆಸರು ಸಾಮಾನ್ಯವಾಗಿ ಮೊದಲ ಪ್ಯಾರಾದಲ್ಲಿ ಒಮ್ಮೆ, ಕೊನೆಯ ಪ್ಯಾರಾದಲ್ಲಿ ಒಮ್ಮೆ ಬರುತ್ತದೆ. ನಡುವೆ ಎಲ್ಲಿಯೂ ಕಾಣುವುದಿಲ್ಲ. ಆ ನಡುವಿನ ಭಾಗದಲ್ಲಿಯೇ ಕೆಲಸ ಮಾಡಬೇಕೆಂಬುದು ನನ್ನ ಈಗಿನ ನಿರ್ಧಾರ. ಪಿಎಚ್.ಡಿ. ನಂತರದ ಸಂಶೋಧನೆಯ, ಅಂದರೆ ಪೋಸ್ಟ್‌ಡಾಕ್ ಅವಧಿಯನ್ನು ಮನೋರೋಗಗಳ ಅಧ್ಯಯನಕ್ಕೇ ಮೀಸಲಿಡಬೇಕೆಂದಿದ್ದೇನೆ. ಆದರೆ ನಾನು ವೈದ್ಯನಲ್ಲ, ಮನೋರೋಗಿಯೊಬ್ಬರ ಎದುರು ಕುಳಿತು ಮಾತನಾಡಿದವನೂ ಅಲ್ಲ.

ಇಂಥ ಹಿನ್ನೆಲೆಯವರು ಇಲಿಗಳಲ್ಲಿಯೇ ಮುಂದುವರಿದು ರೋಗದ ಮಾದರಿಗಳನ್ನು ಅಧ್ಯಯನ ಮಾಡುವುದು ಸರಿಯೇ, ಅಥವಾ ಮಾನವ ಮಿದುಳಿನ ಚಿತ್ರಣ, ತಳಿವಿಜ್ಞಾನದಂಥ ಕ್ಷೇತ್ರಗಳಿಗೆ ಪೂರ್ತಿಯಾಗಿ ದಾಟಿಬಿಡಬೇಕೇ? ವೈದ್ಯಕೀಯ ಪದವಿ ಇಲ್ಲದಿರುವುದು ಎಷ್ಟರಮಟ್ಟಿಗೆ ಅಡ್ಡಿಯಾಗುತ್ತದೆ? ಈ ದಾರಿಯಲ್ಲಿ ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹೋಳು-ದ್ರಾವಣ

ಇಲಿಯೋ ಮನುಷ್ಯರೋ ಎಂಬುದನ್ನು ಸ್ವಲ್ಪ ಹಿಂದಕ್ಕಿಡೋಣ. ನಿಮ್ಮ ಪ್ರಯೋಗವನ್ನು ರೋಗಕ್ಕೆ ಜೋಡಿಸುವ ಕೊಂಡಿ ಯಾವುದು, ಆ ಕೊಂಡಿ ಮನುಷ್ಯರಲ್ಲಿ ಸಾಬೀತಾಗಿದೆಯೇ ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ. ನಮ್ಮ ಕ್ಷೇತ್ರದಲ್ಲಿ ದಶಕಗಳ ಶ್ರಮ ಎಲ್ಲಿ ವ್ಯರ್ಥವಾಯಿತು, ಎಲ್ಲಿ ಫಲ ಕೊಟ್ಟಿತು ಎಂದು ನೋಡಿದರೆ, ಹೆಚ್ಚಿನ ಕಡೆ ಈ ಕೊಂಡಿಯ ಗಟ್ಟಿತನವೇ ಅದನ್ನು ನಿರ್ಧರಿಸಿದೆ.

ಬಲವಂತದ ಈಜಿನ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಇಲಿಯನ್ನು ಅದರೊಳಗೆ ಬಿಡುತ್ತಾರೆ. ಅದು ಮೊದಲು ಕೈಕಾಲು ಬಡಿಯುತ್ತದೆ, ಗಾಜಿನ ಗೋಡೆಯನ್ನು ಕೆರೆಯುತ್ತದೆ. ಆಮೇಲೆ ಮೂಗು ಮುಳುಗದಷ್ಟೇ ಅಲುಗಾಡುತ್ತ ತೇಲಲು ಶುರುಮಾಡುತ್ತದೆ. ಒಟ್ಟು 6 ನಿಮಿಷಗಳ ಪರೀಕ್ಷೆಯಲ್ಲಿ ಕೊನೆಯ 4 ನಿಮಿಷ ಅದು ಎಷ್ಟು ಹೊತ್ತು ನಿಶ್ಚಲವಾಗಿತ್ತು ಎಂದು ಲೆಕ್ಕ ಹಾಕುತ್ತಾರೆ. 1977ರಲ್ಲಿ ಪೋರ್ಸೋಲ್ಟ್ ಮತ್ತು ಸಂಗಡಿಗರು ಇದನ್ನು ಖಿನ್ನತೆಯ ಔಷಧಗಳನ್ನು ಜರಡಿ ಹಿಡಿಯುವ ವಿಧಾನವಾಗಿ ಮುಂದಿಟ್ಟರು, ಆ ಉಪಯೋಗ ಅದಕ್ಕೆ ಇದ್ದೇ ಇತ್ತು. ಆದರೆ ಆ ನಿಶ್ಚಲತೆಯನ್ನು ಅವರೇ ‘ಹತಾಶೆ’ ಎಂದು ಕರೆದಿದ್ದರು, ಹಾಗೆಯೇ ಓದುವ ರೂಢಿಯೂ ಬೆಳೆಯಿತು. ಕೈಕಾಲು ಬಡಿದು ಪ್ರಯೋಜನವಿಲ್ಲವೆಂದು ಕಲಿತ ಪ್ರಾಣಿ ಶಕ್ತಿಯನ್ನು ಉಳಿಸಿಕೊಳ್ಳುತ್ತಿದೆ ಎಂಬ ವಿವರಣೆಯೂ ಅಷ್ಟೇ ಸಮಂಜಸವಾಗಿದೆ. ಅಲ್ಲದೆ, ಮನುಷ್ಯರಲ್ಲಿ ವಾರಗಳು ಹಿಡಿಯುವ ಔಷಧದ ಪರಿಣಾಮ ಈ ಪರೀಕ್ಷೆಯಲ್ಲಿ ಅದೇ ದಿನ ಕಾಣಿಸುತ್ತದೆ. ಹೀಗಿರುವಾಗ ಅದು ಅಳೆಯುತ್ತಿರುವುದು ನಾವು ಹುಡುಕುತ್ತಿರುವ ಸಂಗತಿಯನ್ನೇ ಎಂದು ಹೇಳುವುದು ಕಷ್ಟ.

ತಳಿವಿಜ್ಞಾನದ ಕೊಂಡಿಯಾದರೂ ಅದರ ಗಟ್ಟಿತನವನ್ನು ಪರೀಕ್ಷಿಸಿಯೇ ಹಿಡಿಯಬೇಕು. ಸ್ಕಾಟ್ಲೆಂಡಿನ ಒಂದು ದೊಡ್ಡ ಕುಟುಂಬದಲ್ಲಿ 1 ಮತ್ತು 11ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗಿದ್ದವು, ಅದನ್ನು ಹೊತ್ತವರಲ್ಲಿ ಮನೋರೋಗಗಳೂ ಹೆಚ್ಚಾಗಿದ್ದವು. ಹಾಗೆ ತುಂಡಾದ ಜಾಗದಲ್ಲಿ 2000ದಲ್ಲಿ ಗುರುತಿಸಿದ ಜೀನಿಗೆ ಡಿಐಎಸ್‌ಸಿ1 ಎಂದು ಹೆಸರಾಯಿತು. ಅದರ ಸುತ್ತ ಎಷ್ಟೋ ಇಲಿ ತಳಿಗಳು ತಯಾರಾದವು, ಸಾಕಷ್ಟು ಒಳ್ಳೆಯ ಜೀವಕೋಶ ವಿಜ್ಞಾನವೂ ಹುಟ್ಟಿತು. ಆದರೆ ಹತ್ತಾರು ಸಾವಿರ ರೋಗಿಗಳ ಜೀನೋಮ್‌ಗಳನ್ನು ಹೋಲಿಸಿ ನೋಡಿದಾಗ, ಜನಸಾಮಾನ್ಯರಲ್ಲಿ ಕಾಣುವ ಸ್ಕಿಜೋಫ್ರೇನಿಯಾಕ್ಕೆ ಆ ಜೀನ್ ಮುಖ್ಯ ಕಾರಣವೆಂಬುದಕ್ಕೆ ಬೆಂಬಲ ಸಿಗಲಿಲ್ಲ. ಖಿನ್ನತೆಗೆ ಕಾರಣವೆಂದು ಬಹುಕಾಲ ನಂಬಿದ್ದ 18 ಜೀನ್‌ಗಳ ಗತಿಯೂ 2019ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಹೀಗೆಯೇ ಆಯಿತು.

ಈಗ ಪರಿಸ್ಥಿತಿ ಬದಲಾಗಿದೆ, ನಿಮ್ಮ ತಲೆಮಾರಿಗೆ ಸಿಕ್ಕಿರುವ ದೊಡ್ಡ ಅನುಕೂಲ ಇದೇ ಎಂದು ನಾನು ನಂಬಿದ್ದೇನೆ. 2022ರಲ್ಲಿ ‘ಸ್ಕೀಮಾ’ ಒಕ್ಕೂಟ 24,248 ಸ್ಕಿಜೋಫ್ರೇನಿಯಾ ರೋಗಿಗಳ ಜೀನ್‌ಗಳನ್ನು ಓದಿ, ರೋಗದ ಸಾಧ್ಯತೆಯನ್ನು ಹಲವು ಪಟ್ಟು ಹೆಚ್ಚಿಸುವ ಅಪರೂಪದ ದೋಷಗಳಿರುವ 10 ಜೀನ್‌ಗಳನ್ನು ಗುರುತಿಸಿತು. ಅವುಗಳಲ್ಲೊಂದು ಜಿಆರ್‌ಐಎನ್‌2ಎ, ಅದು ನೀವು ದಿನವೂ ಅಳೆಯುತ್ತಿರುವ ಎನ್‌ಎಂಡಿಎ ಗ್ರಾಹಕದ ಒಂದು ಉಪಘಟಕವನ್ನು ರೂಪಿಸುವ ಜೀನ್. ಅದೇ ವರ್ಷ 76,755 ರೋಗಿಗಳನ್ನೊಳಗೊಂಡ ಇನ್ನೊಂದು ಅಧ್ಯಯನ, ಸಾಮಾನ್ಯವಾಗಿ ಕಾಣುವ ತಳಿ ವ್ಯತ್ಯಾಸಗಳು ಸೇರಿಕೊಂಡಿರುವ, ಜೀನೋಮಿನ 287 ತಾಣಗಳನ್ನು ಪಟ್ಟಿಮಾಡಿತು. ಅಲ್ಲಿಯೂ ಜಿಆರ್‌ಐಎನ್‌2ಎ ಇದೆ. ಬೇರೆಬೇರೆ ವಿಧಾನಗಳು ಒಂದೇ ಜೀನಿನತ್ತ ಬೆರಳು ತೋರಿಸಿದಾಗ, ಇಲಿಯಲ್ಲಿ ಅದರ ಒಂದು ಪ್ರತಿಯನ್ನು ಕೆಡಿಸಿ ಏನಾಗುತ್ತದೆಂದು ನೋಡುವುದಕ್ಕೆ ನ್ಯಾಯವಾದ ಕಾರಣವಿರುತ್ತದೆ. ಆ ಇಲಿಗೆ ಸ್ಕಿಜೋಫ್ರೇನಿಯಾ ಬಂದಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಮನುಷ್ಯರಲ್ಲಿ ಅಪಾಯ ತರುವುದೆಂದು ಗೊತ್ತಿರುವ ಬದಲಾವಣೆ ಮಿದುಳಿನ ಜಾಲದಲ್ಲಿ ಏನು ಮಾಡುತ್ತದೆ ಎಂದು ಹೇಳಿದರೆ ಸಾಕು.

ಮೂಲ ಸಂಶೋಧನೆ ರೋಗಿಯವರೆಗೆ ತಲುಪಿದ ಒಂದು ಉದಾಹರಣೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಿರಾಶೆಯ ಕಥೆಗಳನ್ನಷ್ಟೇ ಕೇಳಿ ಯಾರೂ ಈ ಕ್ಷೇತ್ರಕ್ಕೆ ಬರಬಾರದು. ದೇಹದಲ್ಲೇ ತಯಾರಾಗುವ ಕೆಲವು ಸ್ಟೆರಾಯ್ಡ್‌ಗಳು ನೇರವಾಗಿ, ನರಕೋಶಗಳ ಉತ್ತೇಜನವನ್ನು ತಗ್ಗಿಸುವ ‘ಗಾಬಾ ಎ’ ಗ್ರಾಹಕದ ಮೇಲೆ ಕೆಲಸ ಮಾಡುತ್ತವೆ ಎಂಬುದು 1986ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡುಬಂತು. ಅವುಗಳಲ್ಲೊಂದಾದ ಅಲೋಪ್ರೆಗ್ನಾನೊಲೋನ್‌ನ ಪ್ರಮಾಣ ಗರ್ಭಿಣಿಯರಲ್ಲಿ ಏರಿ, ಹೆರಿಗೆಯಾದೊಡನೆ ಥಟ್ಟನೆ ಇಳಿಯುತ್ತದೆ. ಅದೇ ವಸ್ತುವನ್ನು 60 ಗಂಟೆಗಳ ಕಾಲ ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆಗೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬಾಣಂತಿಯರ ಖಿನ್ನತೆಗಾಗಿ ಒಪ್ಪಿಗೆ ಕೊಟ್ಟಿತು. ಅದನ್ನು ಹೋಲುವ ವಸ್ತುವಿನ, 14 ದಿನ ನುಂಗುವ ಗುಳಿಗೆ 2023ರಲ್ಲಿ ಬಂತು. ನಡುವೆ ಮೂರು ದಶಕಗಳು ಸಂದವು. ಈ ಕಾಲಾವಧಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬನ್ನಿ.

ಉತ್ತರ: ಹೊರರೋಗಿ ವಿಭಾಗ

ನಾನು ಮನೋವೈದ್ಯೆ, ಜೊತೆಗೆ ಸಂಶೋಧನೆಯನ್ನೂ ಮಾಡುತ್ತೇನೆ. ಮೇಲಿನ ಉತ್ತರದಲ್ಲಿ ಹೇಳಿರುವುದನ್ನು ಒಪ್ಪುತ್ತೇನೆ. ರೋಗವೆಂದರೇನು ಎಂಬುದರ ಬಗ್ಗೆ ಮಾತ್ರ ಸೇರಿಸಬೇಕಾದದ್ದಿದೆ.

ಪ್ರಯೋಗಶಾಲೆಯವರು ‘ಖಿನ್ನತೆ’ ಎಂದಾಗ ಅದೊಂದು ಖಚಿತವಾದ ವಸ್ತುವೆಂಬ ಭಾವನೆ ಬರುತ್ತದೆ. ನಾವು ಬಳಸುವ ರೋಗನಿರ್ಣಯದ ನಿಯಮದ ಪ್ರಕಾರ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು, ಅವು ಎರಡು ವಾರ ಇರಬೇಕು, ಮತ್ತು ಬೇಸರದ ಮನಸ್ಥಿತಿ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇವುಗಳಲ್ಲಿ ಒಂದಾದರೂ ಸೇರಿರಬೇಕು. ಲೆಕ್ಕ ಹಾಕಿದರೆ ಈ ನಿಯಮವನ್ನು 227 ಬಗೆಗಳಲ್ಲಿ ಪೂರೈಸಬಹುದು. ಒಬ್ಬರು ನಿದ್ದೆಯಿಲ್ಲದೆ, ಊಟ ಸೇರದೆ ಸೊರಗಿರುತ್ತಾರೆ. ಇನ್ನೊಬ್ಬರು ಅತಿಯಾಗಿ ಮಲಗುತ್ತಾರೆ, ಅತಿಯಾಗಿ ತಿನ್ನುತ್ತಾರೆ. ಇಬ್ಬರ ಕಡತದ ಮೇಲೂ ಒಂದೇ ಹೆಸರು. ಅವರ ಮಿದುಳಿನಲ್ಲಿ ಆಗಿರುವುದೂ ಒಂದೇ ಎಂದು ಭಾವಿಸಲು ಆಧಾರವಿಲ್ಲ.

ಆದ್ದರಿಂದ ವೈದ್ಯಕೀಯ ಪದವಿ ಇಲ್ಲವೆಂದು ಚಿಂತಿಸಬೇಡಿ, ರೋಗಿಗಳನ್ನು ನೋಡದೆ ಮಾತ್ರ ಇರಬೇಡಿ. ಬೋಧನಾ ಆಸ್ಪತ್ರೆಗಳಲ್ಲಿ ಪ್ರಕರಣಗಳ ಚರ್ಚಾಸಭೆಗಳು ನಡೆಯುತ್ತವೆ. ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಯ ಸಮ್ಮತಿ ಇದ್ದಲ್ಲಿ ಸಂದರ್ಶನದ ಸಮಯದಲ್ಲಿ ಮೂಲೆಯಲ್ಲಿ ಕುಳಿತು ನೋಡುವುದಕ್ಕೂ ಅವಕಾಶ ಸಿಗುತ್ತದೆ. ಅಲ್ಲಿ ನೋಡಲೇಬೇಕಾದದ್ದು ಕಿವಿಯಲ್ಲಿ ಕೇಳುವ ಧ್ವನಿಗಳಂಥ ಎದ್ದುಕಾಣುವ ಲಕ್ಷಣಗಳಷ್ಟೇ ಅಲ್ಲ. ‘ನಿನ್ನೆ ಏನು ಮಾಡಿದಿರಿ’ ಎಂದು ಕೇಳಿದರೆ ಯುವಕನೊಬ್ಬ ಬಹಳ ಹೊತ್ತು ಸುಮ್ಮನಿದ್ದು ‘ಏನೂ ಇಲ್ಲ’ ಎನ್ನುತ್ತಾನೆ. ಮುಖದಲ್ಲಿ ದುಃಖವಿಲ್ಲ, ಸಿಟ್ಟಿಲ್ಲ. ಸ್ನಾನ ಮಾಡಬೇಕೆಂದು ಗೊತ್ತಿದೆ, ನೀರು ಕಾದಿದೆ, ಬಟ್ಟೆ ಕೈಯಲ್ಲಿದೆ. ಆದರೂ ಆತ ಹಾಸಿಗೆಯ ಅಂಚಿನಲ್ಲಿ ಕುಳಿತೇ ಇದ್ದಾನೆ. ಸೋಮಾರಿ ಎಂದು ಮನೆಯವರು ತಪ್ಪು ತಿಳಿಯುತ್ತಾರೆ. ಉದ್ದೇಶ ಇದ್ದೂ ಅದು ಕ್ರಿಯೆಯಾಗದ ಈ ಸ್ಥಿತಿಯನ್ನು ಒಮ್ಮೆ ಹತ್ತಿರದಿಂದ ನೋಡಿದ ನರವಿಜ್ಞಾನಿ, ಪ್ರತಿಫಲಕ್ಕಾಗಿ ಪ್ರಾಣಿ ಎಷ್ಟು ಶ್ರಮಪಡಲು ಸಿದ್ಧವಾಗಿದೆ ಎಂದು ಅಳೆಯುವ ಪ್ರಯೋಗವನ್ನು ಬೇರೆಯದೇ ರೀತಿಯಲ್ಲಿ ರೂಪಿಸುತ್ತಾರೆ.

ನಿಮ್ಮ ಗ್ರಾಹಕದ ವಿಷಯದಲ್ಲಿ ಇನ್ನೊಂದು ಮಾತು. 2007ರಲ್ಲಿ ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು ವಿವರಿಸಿದ ಒಂದು ಮಿದುಳಿನ ಉರಿಯೂತದಲ್ಲಿ ದೇಹದ ಪ್ರತಿಕಾಯಗಳು ಎನ್‌ಎಂಡಿಎ ಗ್ರಾಹಕಕ್ಕೇ ಅಂಟಿಕೊಂಡು, ಅದನ್ನು ನರಕೋಶದ ಮೇಲ್ಮೈಯಿಂದ ಒಳಕ್ಕೆ ಎಳೆದುಕೊಳ್ಳುವಂತೆ ಮಾಡುತ್ತವೆ. ರೋಗಿಗಳಲ್ಲಿ ಹೆಚ್ಚಿನವರು ಯುವತಿಯರು, ಕೆಲವರಲ್ಲಿ ಅಂಡಾಶಯದ ಗೆಡ್ಡೆಯೊಂದು ಇದಕ್ಕೆ ಮೂಲ. ಆರಂಭದಲ್ಲಿ ಸಂಶಯ, ಭ್ರಾಂತಿ, ಉದ್ರೇಕ ಕಾಣಿಸುವುದರಿಂದ ಅವರು ಬರುವುದು ನಮ್ಮ ಬಳಿಗೇ. ಸೆಳವು, ಬಾಯಿಯ ವಿಚಿತ್ರ ಚಲನೆಗಳು, ಪ್ರಜ್ಞೆಯ ಏರುಪೇರು ಆಮೇಲೆ ಬರುತ್ತವೆ. ಗೆಡ್ಡೆಯನ್ನು ತೆಗೆದು, ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಗೆ ತರುವ ಚಿಕಿತ್ಸೆ ಕೊಟ್ಟರೆ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಮನೋರೋಗದಂತೆಯೇ ಕಾಣುವ ಒಂದು ಸ್ಥಿತಿಯ ಕಾರಣವನ್ನು ಅಣುವಿನ ಮಟ್ಟದಲ್ಲಿ ಹಿಡಿದು, ಗುಣಪಡಿಸಬಹುದೆಂದು ತೋರಿಸಿದ ಇಂಥ ಉದಾಹರಣೆಗಳು ನಮ್ಮಲ್ಲಿ ತೀರ ಕಡಿಮೆ. ಅದು ಸಾಧ್ಯವಾದದ್ದು ವಾರ್ಡಿನಲ್ಲಿ ರೋಗಿಯನ್ನು ನೋಡಿದ ಕಣ್ಣು ಮತ್ತು ನರಕೋಶಗಳನ್ನು ಬೆಳೆಸಬಲ್ಲ ಕೈ ಒಂದೇ ಕಡೆ ಸೇರಿದ್ದರಿಂದ.

ಉತ್ತರ: ಸಾಂಖ್ಯಿಕ

ಮಿದುಳಿನ ಚಿತ್ರಣಕ್ಕೆ ಪೂರ್ತಿಯಾಗಿ ದಾಟಬೇಕೇ ಎಂದು ಕೇಳಿದ್ದೀರಿ. ದಾಟುವ ಮೊದಲು 2022ರ ‘ನೇಚರ್’ ಪತ್ರಿಕೆಯಲ್ಲಿ ಮಾರೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನವನ್ನು ಓದಿ. ಸುಮಾರು 50,000 ಜನರ ಎಂಆರ್‌ಐ ಮಾಹಿತಿಯನ್ನು ವಿಶ್ಲೇಷಿಸಿ, ವ್ಯಕ್ತಿಯಿಂದ ವ್ಯಕ್ತಿಗಿರುವ ಮಿದುಳಿನ ವ್ಯತ್ಯಾಸವನ್ನು ಮಾನಸಿಕ ಲಕ್ಷಣಗಳೊಡನೆ ನಂಬಲರ್ಹವಾಗಿ ಜೋಡಿಸಬೇಕಾದರೆ ಸಾವಿರಾರು ಜನರ ಮಾಹಿತಿ ಬೇಕೆಂದು ಅವರು ತೋರಿಸಿದ್ದಾರೆ. ಕ್ಷೇತ್ರದ ಸಾಮಾನ್ಯ ಅಧ್ಯಯನಗಳಲ್ಲಿ ಇರುತ್ತಿದ್ದದ್ದು ಇಪ್ಪತ್ತೈದರ ಆಸುಪಾಸು. ಒಬ್ಬ ಪೋಸ್ಟ್‌ಡಾಕ್ ತಾನೇ ಮೂವತ್ತು ರೋಗಿಗಳನ್ನು ಸ್ಕ್ಯಾನ್ ಮಾಡಿ ರೋಗದ ಗುರುತನ್ನು ಕಂಡುಹಿಡಿಯುವ ಕಾಲ ಮುಗಿದಿದೆ. ಒಬ್ಬರನ್ನೇ ಮತ್ತೆಮತ್ತೆ, ಚಿಕಿತ್ಸೆಗೆ ಮೊದಲು ಮತ್ತು ನಂತರ ಅಳೆಯುವ ಅಧ್ಯಯನಗಳ ಲೆಕ್ಕ ಬೇರೆ, ಅವುಗಳಿಗೆ ಈ ಆಕ್ಷೇಪ ಅಷ್ಟಾಗಿ ತಗಲುವುದಿಲ್ಲ.

ಮೊದಲ ಉತ್ತರದ ಒಂದು ಅಂಶದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಜಿಆರ್‌ಐಎನ್‌2ಎಯಂಥ ಜೀನ್‌ಗಳಲ್ಲಿ ತೀವ್ರ ದೋಷವಿರುವವರು ಒಟ್ಟು ರೋಗಿಗಳಲ್ಲಿ ಅತಿ ಸಣ್ಣ ಪಾಲು. ಹೆಚ್ಚಿನವರಲ್ಲಿ ಅಪಾಯ ಬಂದಿರುವುದು ನೂರಾರು ತಾಣಗಳ ಸಣ್ಣಸಣ್ಣ ವ್ಯತ್ಯಾಸಗಳಿಂದ ಮತ್ತು ಪರಿಸರದಿಂದ. ಅಪರೂಪದ ದೋಷವಿರುವ ಇಲಿಯಲ್ಲಿ ಕಂಡದ್ದು ಉಳಿದವರಿಗೂ ಅನ್ವಯಿಸುತ್ತದೆ ಎಂಬುದನ್ನು ಬೇರೆಯಾಗಿಯೇ ಸಾಬೀತುಪಡಿಸಬೇಕು.

ಉತ್ತರ: ಒಬ್ಬ ತಂಗಿ

ನಾನು ವಿಜ್ಞಾನಿಯಲ್ಲ. ನನ್ನ ಅಣ್ಣನಿಗೆ ಬಹಳ ವರ್ಷಗಳಿಂದ ಸ್ಕಿಜೋಫ್ರೇನಿಯಾ ಇದೆ, ಈ ಚರ್ಚೆಯನ್ನು ಪೂರ್ತಿ ಓದಿದ ಮೇಲೆ ಬರೆಯಬೇಕೆನ್ನಿಸಿತು.

ಔಷಧದಿಂದ ಅವನಿಗೆ ಧ್ವನಿಗಳು ಕೇಳುವುದು ನಿಂತಿದೆ, ಅದಕ್ಕೆ ನಾವು ಕೃತಜ್ಞರು. ಆದರೆ ಅವನು ಮತ್ತೆ ಕೆಲಸಕ್ಕೆ ಹೋಗಲಾಗದಿರುವುದಕ್ಕೆ ಧ್ವನಿಗಳು ಕಾರಣವಲ್ಲ. ಒಂದು ಪುಟ ಓದಿದರೆ ಮೇಲಿನ ಸಾಲು ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಜಾರಿಹೋಗುತ್ತದೆ ಎನ್ನುತ್ತಾನೆ. ನಾಲ್ಕು ಜನ ಒಟ್ಟಿಗೆ ಮಾತನಾಡುತ್ತಿದ್ದರೆ ಯಾರ ಮಾತನ್ನು ಹಿಡಿಯಬೇಕೆಂದು ತಿಳಿಯದೆ ಎದ್ದುಹೋಗುತ್ತಾನೆ. ಔಷಧದಿಂದ ತೂಕ ಏರಿ ಈಗ ಸಕ್ಕರೆ ಕಾಯಿಲೆಯೂ ಬಂದಿದೆ. ಸಂಶೋಧಕರು ಯಾವುದನ್ನು ಅಳೆಯಬೇಕು ಎಂದು ನಿರ್ಧರಿಸುವಾಗ ಅಣ್ಣನಂಥವರನ್ನು ಒಮ್ಮೆ ಕೇಳಿದರೆ ಒಳ್ಳೆಯದು. ಅವನಿಗೆ ಹೇಳುವುದಕ್ಕೆ ತುಂಬ ಇದೆ, ಕೇಳುವವರು ಬೇಕು.

ಪ್ರಶ್ನಿಸಿದವರು: ನರಾನ್ವೇಷಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಣ್ಣನ ಬಗ್ಗೆ ಬರೆದವರಿಗೆ ವಿಶೇಷವಾಗಿ: ಓದುವಾಗ ಸಾಲು ಜಾರಿಹೋಗುತ್ತದೆ ಎಂದು ನೀವು ಬರೆದದ್ದು ನಾನು ಅಧ್ಯಯನ ಮಾಡುವ ಮುಂಭಾಗದ ತೊಗಟೆಯ ಕೆಲಸದ ಬಗ್ಗೆಯೇ. ಮಾಹಿತಿಯನ್ನು ಕೆಲವು ಕ್ಷಣಗಳ ಕಾಲ ಹಿಡಿದಿಟ್ಟುಕೊಳ್ಳುವ ಆ ಸಾಮರ್ಥ್ಯಕ್ಕೆ ಎನ್‌ಎಂಡಿಎ ಗ್ರಾಹಕಗಳು ಬೇಕೇಬೇಕು. ಪ್ರಶ್ನೆಯನ್ನು ಅಲ್ಲಿಂದಲೇ ಕಟ್ಟಬೇಕೆಂದು ಈಗ ಸ್ಪಷ್ಟವಾಗಿದೆ.

ಹಾಗಿದ್ದರೆ ‘ಸಾಂಖ್ಯಿಕ’ ಅವರ ಆಕ್ಷೇಪಕ್ಕೆ ಉತ್ತರವೇನು? ಇಲಿಯಲ್ಲಿ ಕಂಡದ್ದು ಇಂಥ ರೋಗಿಗಳಿಗೆ ಅನ್ವಯಿಸುತ್ತದೆಯೇ ಎಂದು ಪರೀಕ್ಷಿಸಲು, ನನ್ನಂಥವರು ಕಲಿಯಬಹುದಾದ ದಾರಿ ಇದೆಯೇ?

ಉತ್ತರ: ಹೋಳು-ದ್ರಾವಣ

ಆಕ್ಷೇಪ ಸರಿಯಾಗಿದೆ, ಅದಕ್ಕೆ ಉತ್ತರ ಕೊಡಬೇಕಾದದ್ದು ಪ್ರಯೋಗವೇ. ಎರಡು ಜೀವಿಗಳಲ್ಲೂ ಒಂದೇ ರೀತಿ ಅಳೆಯಬಹುದಾದದ್ದನ್ನು ಹಿಡಿದುಕೊಳ್ಳಿ. ಒಂದೇ ಸ್ವರವನ್ನು ಮತ್ತೆಮತ್ತೆ ಕೇಳಿಸಿ, ನಡುವೆ ಎಂದೋ ಒಮ್ಮೆ ಬೇರೆ ಸ್ವರವನ್ನು ಸೇರಿಸಿದರೆ, ಕೇಳುಗರು ಗಮನ ಕೊಡದೆ ಬೇರೇನನ್ನೋ ನೋಡುತ್ತ ಕುಳಿತಿದ್ದರೂ ಸೆಕೆಂಡಿನ ಐದನೇ ಒಂದು ಭಾಗದೊಳಗೆ ಅವರ ಇಇಜಿಯಲ್ಲಿ, ಅಂದರೆ ನೆತ್ತಿಯ ಮೇಲಿನಿಂದ ದಾಖಲಿಸುವ ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲಿ, ಒಂದು ಋಣ ತರಂಗ ಮೂಡುತ್ತದೆ. ಫಿನ್ಲೆಂಡಿನ ರಿಸ್ಟೊ ನಾಟನೆನ್ ಮತ್ತು ಸಂಗಡಿಗರು 1978ರಲ್ಲಿ ವರ್ಣಿಸಿದ ಈ ತರಂಗ ಸ್ಕಿಜೋಫ್ರೇನಿಯಾ ಇರುವವರಲ್ಲಿ ಸರಾಸರಿ ಚಿಕ್ಕದಾಗಿರುತ್ತದೆ. ಎನ್‌ಎಂಡಿಎ ಗ್ರಾಹಕವನ್ನು ತಡೆಯುವ ಕೆಟಮಿನ್ ಕೊಟ್ಟರೆ ಆರೋಗ್ಯವಂತರಲ್ಲೂ ಕುಗ್ಗುತ್ತದೆ. ಇಲಿಗಳಲ್ಲಿಯೂ ಇದಕ್ಕೆ ಹೋಲುವ ಪ್ರತಿಕ್ರಿಯೆಯನ್ನು ದಾಖಲಿಸಬಹುದು. ನೀವು ಇಇಜಿ ಕಲಿಯಲು ಕೆಲವು ತಿಂಗಳು ಕೊಟ್ಟರೆ ಸಾಕು.

ಇನ್ನೊಂದು ದಾರಿಗೆ ನಿಮ್ಮ ಈಗಿನ ಕೌಶಲವೇ ಬಂಡವಾಳ. ಅಪಸ್ಮಾರ ಅಥವಾ ಗೆಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಆಳದ ರೋಗಗ್ರಸ್ತ ಭಾಗವನ್ನು ತಲುಪಲು ತೆಗೆಯಬೇಕಾಗುವ ಮಾನವ ತೊಗಟೆಯ ಚೂರನ್ನು, ರೋಗಿಯ ಸಮ್ಮತಿ ಪಡೆದು, ಶಸ್ತ್ರಚಿಕಿತ್ಸಾ ಕೊಠಡಿಯಿಂದಲೇ ತಣ್ಣನೆಯ ದ್ರಾವಣದಲ್ಲಿ ಪ್ರಯೋಗಶಾಲೆಗೆ ತಂದು, ನೀವು ಇಲಿಯಲ್ಲಿ ಮಾಡುವಂತೆಯೇ ದಾಖಲಿಸುವ ತಂಡಗಳು ಹಲವು ದೇಶಗಳಲ್ಲಿವೆ. ಅದು ಮನೋರೋಗಿಯ ಅಂಗಾಂಶವಲ್ಲ, ನಿಜ. ಆದರೆ ಮಾನವ ನರಕೋಶ ಇಲಿಯದ್ದಕ್ಕಿಂತ ಎಲ್ಲೆಲ್ಲಿ ಬೇರೆಯಾಗಿದೆ ಎಂದು ತಿಳಿಯದೆ ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಒಯ್ಯಲಾಗದು.

ಈ ಗ್ರಾಹಕದ ಕೆಲಸವನ್ನು ಹೆಚ್ಚಿಸಿ ರೋಗಕ್ಕೆ ಚಿಕಿತ್ಸೆ ಕೊಡುವ ಯತ್ನಗಳು ಈಗಾಗಲೇ ನಡೆದಿವೆ ಎಂಬುದೂ ನಿಮಗೆ ತಿಳಿದಿರಲಿ. ಈ ಗ್ರಾಹಕ ತೆರೆಯಲು ಗ್ಲುಟಮೇಟ್ ಜೊತೆಗೆ ಬೇಕಾದ ಗ್ಲೈಸೀನ್‌ನ ಮರುಹೀರಿಕೆಯನ್ನು ತಡೆಯುವ ಬಿಟೊಪರ್ಟಿನ್ 2014ರಲ್ಲಿ, ಅದೇ ತತ್ವದ ಐಕ್ಲೆಪರ್ಟಿನ್ 2025ರಲ್ಲಿ ಮೂರನೇ ಹಂತದ ದೊಡ್ಡ ಪರೀಕ್ಷೆಗಳಲ್ಲಿ ಗುರಿ ಮುಟ್ಟಲಿಲ್ಲ. ಎರಡನೆಯದನ್ನು ಪರೀಕ್ಷಿಸಿದ್ದು ಅಣ್ಣನ ಬಗ್ಗೆ ತಂಗಿ ಹೇಳಿದ ಅರಿವಿನ ತೊಂದರೆಗಾಗಿಯೇ. ಗ್ರಾಹಕದ ಕಲ್ಪನೆಯೇ ತಪ್ಪೇ, ಔಷಧ ಕೊಟ್ಟದ್ದು ರೋಗ ಬೇರೂರಿದ ಎಷ್ಟೋ ವರ್ಷಗಳ ಮೇಲೆ ಎಂಬುದು ಕಾರಣವೇ, ಅಥವಾ ಆ ಔಷಧದಿಂದ ನಿಜಕ್ಕೂ ಪ್ರಯೋಜನವಾಗಬಹುದಾದ ಕೆಲವರು ಉಳಿದವರ ಸರಾಸರಿಯಲ್ಲಿ ಮರೆಯಾದರೇ? ಈ ಮೂರನ್ನು ಬಿಡಿಸಿ ನೋಡಬಲ್ಲ ಪ್ರಯೋಗವನ್ನು ಪೋಸ್ಟ್‌ಡಾಕ್ ಅರ್ಜಿಯಲ್ಲಿ ಬರೆಯಿರಿ. ಅರ್ಜಿ ಹಾಕುವ ಪ್ರಯೋಗಶಾಲೆಗೆ ಮನೋವೈದ್ಯರೊಡನೆ ನಿಜವಾದ ಒಡನಾಟ ಇದೆಯೇ, ಅಲ್ಲಿನ ವಿದ್ಯಾರ್ಥಿಗಳು ಆಸ್ಪತ್ರೆಯ ಪ್ರಕರಣ ಸಭೆಗಳಿಗೆ ಹೋಗುತ್ತಾರೆಯೇ ಎಂದು ಸಂದರ್ಶನದಲ್ಲಿ ನೀವೇ ಕೇಳಿ.